ಅಜ್ಜನ ಕತ್ತಿಗಳಲ್ಲಿ ಹಳೇದು ಯಾವುದು, ಹೊಸದು ಯಾವುದು?

ಪ್ರಶ್ನೆ: ನಮ್ಮದು ಕೊಪ್ಪಳ ಹತ್ತಿರದ ಹಳ್ಳಿ. ಅಜ್ಜ ತೀರಿಕೊಂಡ ಮೇಲೆ ಪಾಲಿನಲ್ಲಿ ಆರು ಕತ್ತಿ ನಮಗೆ ಬಂದಿವೆ. ಮಹಾನವಮಿಗೆ ಪೂಜೆ ಮಾಡ್ತೀವಿ. ಎಲ್ಲವೂ ಹಳೇ ಕಾಲದವು ಅಂತ ಅಪ್ಪ ಹೇಳ್ತಾರೆ, ಆದರೆ ಎರಡು ಮಾತ್ರ ಫಳಫಳ ಅಂತಿವೆ. ಹೇಗೆ ಗುರುತಿಸೋದು?

ಉತ್ತರ: ಮೊದಲು ಒಂದು ಮಾತು. ತುಕ್ಕು ಇದೆ ಅಂತ ಸ್ಯಾಂಡ್‌ಪೇಪರ್, ಹುಣಸೆಹುಳಿ, ನಿಂಬೆರಸ ಏನನ್ನೂ ಹಚ್ಚಬೇಡಿ. ನಮ್ಮ ದೊಡ್ಡಪ್ಪ ಹಬ್ಬಕ್ಕೆ ಅಂತ ಒಂದು ಕತ್ತಿಯನ್ನು ತಿಕ್ಕಿ ಬೆಳ್ಳಗೆ ಮಾಡಿದರು, ಹಿಡಿಯ ಮೇಲೆ ಬೆಳ್ಳಿ ಎಳೆಯಲ್ಲಿ ಕೂರಿಸಿದ್ದ ಬಳ್ಳಿ ಅರ್ಧಕ್ಕರ್ಧ ಅಳಿಸಿಹೋಯಿತು. ಆ ಸಂಕಟ ನನಗೆ ಇವತ್ತಿಗೂ ಇದೆ.

ಈಗ ಕತ್ತಿಯ ಬೆನ್ನು ನೋಡಿ. ಕಮ್ಮಾರ ಬಡಿದು ಮಾಡಿದ ಅಲಗು ಹಿಡಿಯ ಹತ್ತಿರ ದಪ್ಪ ಇದ್ದು, ಮೊನೆ ಕಡೆ ಹೋದಂಗೆ ತೆಳ್ಳಗಾಗುತ್ತದೆ. ತಗಡಿನಿಂದ ಕತ್ತರಿಸಿದ ಶೋಪೀಸ್ ಸಾಮಾನ್ಯವಾಗಿ ಉದ್ದಕ್ಕೂ ಒಂದೇ ದಪ್ಪ. ಲೇತ್ ಅಂಗಡಿಯಲ್ಲಿ ದಪ್ಪ ಅಳೆಯುವ ವರ್ನಿಯರ್ ಇರುತ್ತದೆ, ಅಂಗಡಿಯವರನ್ನು ಮನೆಗೆ ಕರೆಸಿ ಮೂರು ಕಡೆ ಅಳತೆ ಮಾಡಿಸಿ. ಮ್ಯಾಗ್ನೆಟ್ ಅಂಟಿತು ಅಂತ ಹಳೇದು ಎಂದು ನಂಬಬೇಡಿ, ಕೆಲವು ಸ್ಟೇನ್‌ಲೆಸ್ ಸ್ಟೀಲಿಗೂ ಮ್ಯಾಗ್ನೆಟ್ ಅಂಟುತ್ತದೆ.

ಆಮೇಲೆ ಹಿಡಿ. ನನ್ನ ಪ್ರಕಾರ ಜಾಸ್ತಿ ಸತ್ಯ ಹೇಳೋದು ಇದೇ. ನಮ್ಮ ಕಡೆ ತಲವಾರಿನ ಅಲಗಿಗೆ ಗಿಡ್ಡ ಬಾಲ ಇರುತ್ತದೆ, ಅದನ್ನು ಟೊಳ್ಳು ಹಿಡಿಯೊಳಗೆ ಇಟ್ಟು ಕಾಯಿಸಿದ ಅರಗು ತುಂಬಿ ಕೂರಿಸುತ್ತಿದ್ದರು. ಹಾಗಾಗಿ ಹಳೇ ಹಿಡಿ ಸ್ವಲ್ಪ ಅಲ್ಲಾಡಿದರೆ, ಸಂದಿಯಲ್ಲಿ ಕಂದು ಪುಡಿ ಉದುರಿದರೆ ಗಾಬರಿಯಾಗಬೇಡಿ, ಅದು ಒಳ್ಳೆಯ ಗುರುತು. ವೆಲ್ಡಿಂಗ್ ಗಂಟು, ಹಿಡಿಯ ತುದಿಯಲ್ಲಿ ಹೊಸ ನಟ್ಟು, ಸಿಪ್ಪೆ ಏಳುವ ಬಣ್ಣದ ಲೇಪ ಕಂಡರೆ ಅನುಮಾನ ಪಡಿ. ಇನ್ನೊಂದು ವಿಷಯ, ಅರಗು ಕಾಯಿಸಿದರೆ ಬಿಡುತ್ತದೆ, ಅದಕ್ಕೆ ಹಳೇ ಅಲಗಿಗೆ ಬೇರೆ ಹಿಡಿ ಹಾಕುವುದು ಹಿಂದಿನಿಂದಲೂ ಇತ್ತು. ಅಲಗು, ಹಿಡಿ ಎರಡರ ವಯಸ್ಸು ಬೇರೆ ಅಂದ ಮಾತ್ರಕ್ಕೆ ನಕಲಿ ಅಲ್ಲ. ನೀವೇ ಕಾಯಿಸಿ ಬಿಚ್ಚೋಕೆ ಹೋಗಬೇಡಿ.

ಅಲಗಿನ ಮೇಲೆ ನೀರಿನ ಅಲೆಯಂಥ ಗೆರೆ ಇದ್ದರೆ ಉಕ್ಕಿನ ಕತ್ತಿ ಅಂತಾರೆ. ಇಂಥ ಉಕ್ಕಿಗೆ ಇಂಗ್ಲಿಷಿನಲ್ಲಿ ಹೇಳುವ ವೂಟ್ಸ್ ಅನ್ನೋ ಪದ ನಮ್ಮ ಉಕ್ಕಿನಿಂದಲೇ ಬಂತು ಅಂತಾರೆ, ಕೇಳೋಕೆ ಖುಷಿಯಾಗುತ್ತೆ ಅಲ್ವಾ? ಆದರೆ ಆಸಿಡ್ ಹಚ್ಚಿ ಈ ಗೆರೆಯಂತೆ ಕಾಣುವ ಹಾಗೂ ಮಾಡುತ್ತಾರೆ. ನಿಜವಾದ ಗೆರೆ ಲೋಹದ ಒಳಗಿನದು, ನಕಲಿಯದು ಹೆಚ್ಚಾಗಿ ಮೇಲ್ಮೈಯಲ್ಲಷ್ಟೇ ಇರುತ್ತದೆ. ಅಸದುಲ್ಲಾ ಅನ್ನೋ ಪ್ರಸಿದ್ಧ ಇರಾನಿ ಕಮ್ಮಾರನ ಸಹಿ, ಟಿಪ್ಪುವಿನ ಆಯುಧಗಳ ಮೇಲಿದ್ದ ಹುಲಿಪಟ್ಟೆ ಗುರುತು ಇವೂ ಬೇಕಾದಷ್ಟು ನಕಲಾಗಿವೆ. ಸಹಿ ನೋಡಿ ದರ ಕಟ್ಟಬೇಡಿ. ಯಾರಾದರೂ ಇದು 1520ರ ರಾಯಚೂರು ಯುದ್ಧದ್ದು ಅಂದರೆ ದಾಖಲೆ ಕೇಳಿ.

ನಿಮ್ಮ ಫಳಫಳ ಎರಡು? ವೀರಭದ್ರನ ಪುರವಂತರು, ಅಂದರೆ ಆ ದೇವರ ಉತ್ಸವದಲ್ಲಿ ಒಡಪು ಹೇಳಿ ಕುಣಿಯುವವರು, ಹಿಡಿಯುವ ಕತ್ತಿ ಇರಬಹುದು, ಮನೆಯಲ್ಲಿ ಹಿಂದೆ ಯಾರಾದರೂ ಪುರವಂತರಿದ್ದರಾ ಅಂತ ಅಜ್ಜಿಯನ್ನ ಕೇಳಿ. ಅಂಥದ್ದು ಹೊಸದಾದರೂ ಮನೆಗೆ ದೊಡ್ಡದು.

ಕತ್ತಿ ಹಿಡಿದುಕೊಂಡು ಬಸ್ಸಿನಲ್ಲಿ ಓಡಾಡಬೇಡಿ, 1959ರ ಆಯುಧ ಕಾಯ್ದೆಯಲ್ಲಿ ಕತ್ತಿಗೂ ನಿಯಮ ಇದೆ. ನೂರು ವರ್ಷ ದಾಟಿದ್ದನ್ನು ಹೊರದೇಶಕ್ಕೆ ಕಳಿಸೋದಕ್ಕೂ 1972ರ ಪುರಾತನ ವಸ್ತುಗಳ ಕಾಯ್ದೆ ಬಿಡೋದಿಲ್ಲ. ಬೆನ್ನು, ಮೊನೆ, ಹಿಡಿ ಸೇರುವ ಸಂದಿ, ಈ ಮೂರನ್ನೂ ಪಕ್ಕದಲ್ಲಿ ಸ್ಕೇಲ್ ಇಟ್ಟು ಬಿಸಿಲಿನಲ್ಲಿ ಫೋಟೋ ತೆಗೆಯಿರಿ. ಹೈದರಾಬಾದಿಗೆ ಹೋದಾಗ ಸಾಲಾರ್ ಜಂಗ್ ಮ್ಯೂಸಿಯಂನಲ್ಲಿ ಆಯುಧಗಳ ಕೋಣೆಗೆ ಹೋಗಿ, ಆ ಫೋಟೋಗಳನ್ನು ಅಲ್ಲಿನ ಕತ್ತಿಗಳ ಜೊತೆ ಹೋಲಿಸಿ ನೋಡಿ.