ಸಾವಿರ ಜನರ ಕೆಲಸ, ಮೂವರಿಗೆ ನೊಬೆಲ್: ಈ ಲೆಕ್ಕ ಎಲ್ಲಿಂದ ಬಂತು?

ಅಕ್ಟೋಬರ್ ಬಂತೆಂದರೆ ಸ್ವೀಡನ್‌ನಿಂದ ಒಂದೊಂದೇ ಹೆಸರು ಹೊರಬೀಳುತ್ತದೆ. ವೈದ್ಯಕೀಯ, ಭೌತಶಾಸ್ತ್ರ, ರಸಾಯನಶಾಸ್ತ್ರ, ಕೊನೆಗೆ ಅರ್ಥಶಾಸ್ತ್ರ. ಹೆಸರು ಬಂದ ಅರ್ಧ ಗಂಟೆಗೆ ಜಗಳವೂ ಶುರು. ಅವರನ್ನೇಕೆ ಬಿಟ್ಟರು? ಇವರು ಮಾಡಿದ್ದೇನು? ಈ ಜಗಳದ ಬುಡದಲ್ಲಿ ಎಷ್ಟೋ ಸಲ ಇರುವುದು ಒಂದೇ ನಿಯಮ: ಒಂದು ಬಹುಮಾನವನ್ನು ಮೂವರಿಗಿಂತ ಜಾಸ್ತಿ ಜನರಿಗೆ ಹಂಚುವಂತಿಲ್ಲ.

ನೊಬೆಲ್ ಅವರೇ ಹೀಗೆ ಬರೆದಿಟ್ಟರು ಅಂತ ತುಂಬಾ ಜನ ತಿಳಿದಿದ್ದಾರೆ. ಇಲ್ಲ. 1895ರ ನವೆಂಬರ್‌ನಲ್ಲಿ ಆಲ್‌ಫ್ರೆಡ್ ನೊಬೆಲ್ ಸಹಿ ಹಾಕಿದ ಉಯಿಲಿನಲ್ಲಿ ಮೂರರ ಮಾತೇ ಇಲ್ಲ. ಹಿಂದಿನ ವರ್ಷ ಜಗತ್ತಿಗೆ ದೊಡ್ಡ ಉಪಕಾರ ಮಾಡಿದ ವ್ಯಕ್ತಿಗೆ ಕೊಡಿ ಅಂತಿದೆ. ‘ಹಿಂದಿನ ವರ್ಷ’ ಮೊದಲ ಸಲವೇ ಸಡಿಲವಾಯಿತು. 1901ರಲ್ಲಿ ರಾಂಟ್‌ಜೆನ್ ಅವರಿಗೆ ಬಹುಮಾನ ಬಂದದ್ದು 6 ವರ್ಷ ಹಳೆಯ ಎಕ್ಸ್-ರೇ ಶೋಧಕ್ಕೆ. ‘ವ್ಯಕ್ತಿ’ ಕೂಡ ಇಬ್ಬರಾದರು, ಮೂವರಾದರು. ಮೂರರ ಮಿತಿ ಖಡಾಖಂಡಿತವಾಗಿ ನಿಯಮಕ್ಕೆ ಸೇರಿದ್ದು 1968ರಲ್ಲಿ. ಅದೇ ವರ್ಷ ಸ್ವೀಡನ್ನಿನ ಕೇಂದ್ರ ಬ್ಯಾಂಕು ತನ್ನ 300ನೇ ವರ್ಷದ ನೆನಪಿಗೆ ಅರ್ಥಶಾಸ್ತ್ರದ ಬಹುಮಾನ ಶುರು ಮಾಡಿತು. ಅಲ್ಲೂ ಇದೇ ಅಳತೆ.

ಆದರೆ ಇಕ್ಕಟ್ಟು ಅದಕ್ಕೂ ಹಳೆಯದು. ಮನೆಯಲ್ಲಿ ಶುಗರ್ ಇರುವವರಿಗೆಲ್ಲ ಇನ್ಸುಲಿನ್ ಗೊತ್ತು. 1921ರ ಬೇಸಿಗೆಯಲ್ಲಿ ಕೆನಡಾದ ಟೊರಾಂಟೊದಲ್ಲಿ ವೈದ್ಯ ಬ್ಯಾಂಟಿಂಗ್ ಮತ್ತು ವಿದ್ಯಾರ್ಥಿ ಬೆಸ್ಟ್ ಅದಕ್ಕಾಗಿ ನಾಯಿಗಳ ಮೇಲೆ ಪ್ರಯೋಗ ಮಾಡಿದರು. ಜಾಗ ಕೊಟ್ಟು ದಾರಿ ತೋರಿದವರು ಪ್ರೊಫೆಸರ್ ಮ್ಯಾಕ್ಲೌಡ್. ಮುಂದಿನ ಜನವರಿಯಲ್ಲಿ 14 ವರ್ಷದ ಹುಡುಗನೊಬ್ಬನಿಗೆ ಕೊಟ್ಟ ಮೊದಲ ಚುಚ್ಚುಮದ್ದು ಕೈಕೊಟ್ಟಿತು. ಔಷಧ ಸಾಕಷ್ಟು ಶುದ್ಧವಾಗಿರಲಿಲ್ಲ. ಅದೇ ತಂಡದ ಜೀವರಸಾಯನ ತಜ್ಞ ಕಾಲಿಪ್ ಅದನ್ನು ಶುದ್ಧ ಮಾಡಿಕೊಟ್ಟರು, 12 ದಿನ ಬಿಟ್ಟು ಮತ್ತೆ ಚುಚ್ಚಿದರು, ಹುಡುಗ ಚೇತರಿಸಿಕೊಂಡ. 1923ರ ನೊಬೆಲ್ ಬ್ಯಾಂಟಿಂಗ್ ಮತ್ತು ಮ್ಯಾಕ್ಲೌಡ್ ಇಬ್ಬರಿಗೇ ಬಂತು. ಬ್ಯಾಂಟಿಂಗ್ ತಮ್ಮ ಪಾಲಿನ ಅರ್ಧ ದುಡ್ಡನ್ನು ಬೆಸ್ಟ್‌ಗೆ ಕೊಟ್ಟರು, ಮ್ಯಾಕ್ಲೌಡ್ ತಮ್ಮದರಲ್ಲಿ ಅರ್ಧವನ್ನು ಕಾಲಿಪ್‌ಗೆ. ಸಮಿತಿ ಇಬ್ಬರಿಗೆ ಕೊಟ್ಟದ್ದನ್ನು ಗೆದ್ದವರೇ ನಾಲ್ವರಿಗೆ ಹಂಚಿದರು.

ಆಮೇಲಿನ ದಶಕಗಳಲ್ಲಿ ಒಂದು ಕೋಣೆಯಲ್ಲಿ ನಡೆಯುತ್ತಿದ್ದ ವಿಜ್ಞಾನ ಹಲವು ದೇಶಗಳಿಗೆ ಹರಡಿತು. ಮೂರು ಮಾತ್ರ ಮೂರಾಗಿಯೇ ಉಳಿಯಿತು.

ಇದು ಎಷ್ಟು ಬಿಗಿ ಅಂತ ಚೆನ್ನಾಗಿ ಕಾಣುವುದು ಗುರುತ್ವದ ಅಲೆಗಳ ಕಥೆಯಲ್ಲಿ. ಭಾರೀ ಕಾಯಗಳು ಡಿಕ್ಕಿ ಹೊಡೆದಾಗ ಜಾಗವನ್ನೇ ಹಿಗ್ಗಿಸಿ ಕುಗ್ಗಿಸುತ್ತಾ ಹರಡುವ ಅಲೆಗಳು ಅವು. 2015ರ ಸೆಪ್ಟೆಂಬರ್ 14. ಈ ಅಲೆಗಳನ್ನು ಹಿಡಿಯಲೆಂದೇ ಅಮೆರಿಕದ ಎರಡು ಕಡೆ ಕಟ್ಟಿದ ಲೈಗೋ ಉಪಕರಣಗಳು ಒಂದು ಕಂಪನ ಹಿಡಿದವು. ತಲಾ 4 ಕಿಲೋಮೀಟರ್ ಉದ್ದದ ತೋಳುಗಳು ಹಿಗ್ಗಿ ಕುಗ್ಗಿದ್ದು ಪ್ರೋಟಾನಿನ ಅಗಲದ ನೂರರಲ್ಲೊಂದು ಪಾಲಿಗಿಂತಲೂ ಕಡಿಮೆ. ಸುಮಾರು 130 ಕೋಟಿ ಜ್ಯೋತಿರ್ವರ್ಷ ದೂರದಲ್ಲಿ ಎರಡು ಕಪ್ಪುಕುಳಿಗಳು, ಅಂದರೆ ಬೆಳಕೂ ಹೊರಬರಲಾಗದಷ್ಟು ಸೆಳೆತವಿರುವ ಕಾಯಗಳು, ಡಿಕ್ಕಿ ಹೊಡೆದು ಒಂದಾಗಿದ್ದವು.

ಆ ಕಂಪನದ ಕೊನೆಯ ತುಣುಕು ವಿಶೇಷ. ದೇವರಮನೆಯ ಗಂಟೆ ಬಾರಿಸಿ ಸುಮ್ನೆ ಬಿಟ್ಟರೆ ನಾದ ಮೆಲ್ಲಗೆ ಅಡಗುತ್ತದಲ್ವಾ, ಹಾಗೆ. ದೊಡ್ಡ ಗಂಟೆಗೆ ಒಂದು ದನಿ, ಸಣ್ಣದಕ್ಕೆ ಇನ್ನೊಂದು. ಕಪ್ಪುಕುಳಿಯೂ ಹೀಗೆ ಮಿಡಿದು ಶಾಂತವಾಗುತ್ತದೆ. ಆ ಮಿಡಿತದಲ್ಲಿ ಅದರ ತೂಕ, ಅದು ತಿರುಗುವ ವೇಗ ಎರಡೂ ಸಿಗುತ್ತವೆ. ಈ ಮಿಡಿತವನ್ನು ಲೆಕ್ಕ ಹಾಕಿ ಮೊದಲು ತೋರಿಸಿದವರು ಬೆಂಗಳೂರಿನಲ್ಲಿ ಹುಟ್ಟಿದ ಸಿ.ವಿ. ವಿಶ್ವೇಶ್ವರ. ಕಪ್ಪುಕುಳಿ ನಿಜವಾಗಿ ಇದೆಯೇ ಅಂತಲೇ ಅನುಮಾನವಿದ್ದ ಕಾಲ. ಅವರು ಲೆಕ್ಕದಲ್ಲೇ ಕಪ್ಪುಕುಳಿಯ ಮೇಲೆ ಅಲೆಗಳನ್ನು ಬಿಟ್ಟು, ಏನು ವಾಪಸ್ ಬರುತ್ತದೆ ಅಂತ ನೋಡಿದರು. ಅಗಲವಾದ ಅಲೆ ಬಿಟ್ಟಾಗ ಏನೂ ಕಾಣಲಿಲ್ಲ. ಕಿರಿದು ಮಾಡುತ್ತಾ ಹೋದಾಗ ಗಂಟೆ ಕೇಳಿಸಿತು. 1970ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಅದು ಅಚ್ಚಾಯಿತು, ಅವರೊಬ್ಬರದೇ ಹೆಸರಿನಲ್ಲಿ.

ಮುಂದೆ ಊರಿಗೆ ಮರಳಿ ಬೆಂಗಳೂರಿನ ನೆಹರು ತಾರಾಲಯದ ಸ್ಥಾಪಕ ನಿರ್ದೇಶಕರಾದರು. ಆ ಗುಮ್ಮಟದ ಕೆಳಗೆ ಕತ್ತೆತ್ತಿ ಕೂತ ಮಕ್ಕಳಿಗೆ ಈ ಲೆಕ್ಕದ ವಿಷಯ ಯಾರಾದರೂ ಹೇಳಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು ಅನಿಸುತ್ತದೆ. 2016ರ ಫೆಬ್ರವರಿಯಲ್ಲಿ ಬಂದ ಲೈಗೋ ಪ್ರಬಂಧ ಆ ಹಳೆಯ ಲೇಖನವನ್ನು ನೆನೆಯಿತು. ಅದಕ್ಕೆ ಸಾವಿರಕ್ಕೂ ಹೆಚ್ಚು ಲೇಖಕರು. ಅಲೆಯ ಆಕಾರವನ್ನು ಮೊದಲೇ ಲೆಕ್ಕ ಹಾಕಿಟ್ಟವರಲ್ಲಿ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿದ್ದ ಬಾಲಾ ಅಯ್ಯರ್ ಕೂಡ ಒಬ್ಬರು.

2017ರ ಜನವರಿ 16ರಂದು ವಿಶ್ವೇಶ್ವರ ತೀರಿಕೊಂಡರು. ಮಾರ್ಚ್‌ನಲ್ಲಿ ಲೈಗೋ ಕಟ್ಟಿದ ಮೂವರಲ್ಲಿ ಒಬ್ಬರಾದ ರೊನಾಲ್ಡ್ ಡ್ರೆವರ್ ಹೋದರು. ಸತ್ತವರಿಗೆ ಕೊಡುವಂತಿಲ್ಲ ಎಂಬ ಇನ್ನೊಂದು ನಿಯಮ 1974ರಿಂದ ಇದೆ. ಅಕ್ಟೋಬರ್ 3ರಂದು ಭೌತಶಾಸ್ತ್ರದ ನೊಬೆಲ್‌ಗೆ ಲೈಗೋದ ವೈಸ್, ಬ್ಯಾರಿಶ್, ಥಾರ್ನ್ ಹೆಸರು ಬಂತು. ಮೂವರೂ ಅರ್ಹರೇ, ಅದರಲ್ಲಿ ಎರಡು ಮಾತಿಲ್ಲ. ಇದು ಸುಮಾರು ಸಾವಿರ ಜನರ ಕೆಲಸಕ್ಕೆ ಬಂದ ಗೌರವ ಅಂತ ವೈಸ್ ಅವತ್ತೇ ಹೇಳಿದರು. ವಿಶ್ವೇಶ್ವರ ಬದುಕಿದ್ದರೆ ಅವರಿಗೂ ಬರುತ್ತಿತ್ತು ಅನ್ನುವುದು ನನ್ನ ವಾದವಲ್ಲ. ಹಾಕಿದ್ದೇ ಮೂರು ಕುರ್ಚಿಯಾದಾಗ ಲೆಕ್ಕ ಹಾಕಿದವರು, ಯಂತ್ರ ಕಟ್ಟಿದವರು, ರಾತ್ರಿಯಿಡೀ ಕಾದವರು ಎಲ್ಲಿ ಕೂರಬೇಕು?

ಅರ್ಥಶಾಸ್ತ್ರವೂ ಈಗ ಅದೇ ದಾರಿಯಲ್ಲಿದೆ. 2019ರಲ್ಲಿ ಗೆದ್ದ ಬ್ಯಾನರ್ಜಿ, ಡುಫ್ಲೊ, ಕ್ರೆಮರ್ ಅವರದು ಹಳ್ಳಿಗಳಲ್ಲಿ ಪ್ರಯೋಗ ನಡೆಸುವ ದಾರಿ. ರಾಜಸ್ಥಾನದ ಉದಯಪುರದ ಹಳ್ಳಿಗಳಲ್ಲಿ ಮಗುವಿಗೆ ಲಸಿಕೆ ಹಾಕಿಸಿದ ತಾಯಂದಿರಿಗೆ ಒಂದು ಕಿಲೋ ಬೇಳೆ ಕೊಟ್ಟು ನೋಡಿದ್ದು ಇದೇ ದಾರಿಯ ಕೆಲಸ. ಆ ಬೇಳೆ ಹಂಚಿದವರು, ಮನೆಮನೆಗೆ ಹೋಗಿ ಎಣಿಸಿದವರು ಬೇರೆಯೇ ಜನ.

ಬೇರೆ ದಾರಿ ಇಲ್ಲವೆಂದೇನೂ ಅಲ್ಲ. ಶಾಂತಿ ಬಹುಮಾನ ರೆಡ್‌ಕ್ರಾಸ್‌ಗೆ 1917ರಲ್ಲೇ ಹೋಯಿತು. ಸಂಸ್ಥೆಗೆ ಕೊಡಬೇಕೋ ಬೇಡವೋ ಅಂತ ತೀರ್ಮಾನಿಸುವ ಅಧಿಕಾರ ಆಯಾ ಸಮಿತಿಗಳಿಗೇ ಇದೆ. ವಿಜ್ಞಾನದ ಕಡೆಯವರು ಅದನ್ನು ಇನ್ನೂ ಬಳಸಿಲ್ಲ. 2016ರ ಮೇ ತಿಂಗಳಲ್ಲಿ ‘ಬ್ರೇಕ್‌ಥ್ರೂ’ ಎಂಬ ಬೇರೊಂದು ಬಹುಮಾನ ಇದೇ ಲೈಗೋಗೆ 30 ಲಕ್ಷ ಡಾಲರ್ ಕೊಟ್ಟಿತು. 10 ಲಕ್ಷ ಡ್ರೆವರ್, ಥಾರ್ನ್, ವೈಸ್ ಅವರಿಗೆ. ಉಳಿದ 20 ಲಕ್ಷ 1,012 ಜನರಿಗೆ ಸಮಪಾಲು. ಒಬ್ಬೊಬ್ಬರಿಗೆ ಸಿಕ್ಕಿದ್ದು ಸುಮಾರು 2 ಸಾವಿರ ಡಾಲರ್. ಆ ಪಟ್ಟಿಯಲ್ಲಿ ಬೆಂಗಳೂರು, ಪುಣೆ, ಚೆನ್ನೈನ ಸಂಶೋಧಕರ ಹೆಸರುಗಳೂ ಇದ್ದವು.