ಸೂರ್ಯನಿಗಿಂತ ಮೊದಲೇ ಮುಚ್ಚುವ ಅಡುಗೆಮನೆ

ಜೂನ್ ತಿಂಗಳಲ್ಲಿ ರಾತ್ರಿ ಒಂಬತ್ತರ ಆಸುಪಾಸಿನಲ್ಲಿ ನನ್ನ ಫೋನ್ ರಿಂಗಾದರೆ, ಆ ಕಡೆಯವರು ಏನು ಹೇಳುತ್ತಾರೆ ಎಂಬುದು ಕರೆ ಎತ್ತಿಕೊಳ್ಳುವ ಮೊದಲೇ ನನಗೆ ಗೊತ್ತಿರುತ್ತದೆ. ಪಬ್‌ನ ಬಾಗಿಲು ತೆರೆದಿದೆ, ಒಳಗೆ ಜನ ತುಂಬಿದ್ದಾರೆ, ಹೊರಗೆ ಇನ್ನೂ ಬೆಳಕಿದೆ, ಆದರೂ ಊಟ ಇಲ್ಲ ಎನ್ನುತ್ತಿದ್ದಾರೆ, ಇದು ಯಾವ ನ್ಯಾಯ ಎಂಬುದೇ ಪ್ರತಿ ಸಲದ ದೂರು. ಥೇಮ್ಸ್ ನದಿಯ ದಂಡೆಗುಂಟ ನಡೆಯುವ ಪ್ರವಾಸಗಳನ್ನು ಕನ್ನಡದ ಕುಟುಂಬಗಳಿಗೆ ಯೋಜಿಸಿಕೊಡಲು ತೊಡಗಿ ಹಲವು ವರ್ಷಗಳಾದವು. ಇಷ್ಟು ವರ್ಷಗಳಲ್ಲಿ ಯಾರೂ ದಾರಿ ತಪ್ಪಿ ಕಳೆದುಹೋಗಿಲ್ಲ, ಯಾರೂ ನೀರಿಗೆ ಬಿದ್ದಿಲ್ಲ. ಆದರೆ ಉಪವಾಸ ಮಲಗಿದವರ ಲೆಕ್ಕ ಇಡುವುದನ್ನು ನಾನು ಬಿಟ್ಟಿದ್ದೇನೆ.

ಶೂ, ಮಳೆಯಂಗಿ, ವಿಮೆ ಇವುಗಳ ಬಗ್ಗೆ ಇಲ್ಲಿ ಬರೆಯುವುದಿಲ್ಲ. ಅವನ್ನು ನೀವು ನನಗಿಂತ ಚೆನ್ನಾಗಿ ಓದಿಕೊಂಡು ಬರುತ್ತೀರಿ. ಮಾರ್ಗದರ್ಶಕನಿಲ್ಲದ ನಡಿಗೆ ಎಂದರೆ ಏನೆಂಬುದನ್ನು ಮಾತ್ರ ಒಂದೆರಡು ಮಾತಿನಲ್ಲಿ ಹೇಳಿಬಿಡುತ್ತೇನೆ. ಪ್ರತಿ ರಾತ್ರಿಯ ಕೋಣೆ ಮೊದಲೇ ಕಾದಿರಿಸಿರುತ್ತದೆ, ಪೆಟ್ಟಿಗೆಯನ್ನು ಒಂದು ತಂಗುದಾಣದಿಂದ ಮುಂದಿನ ತಂಗುದಾಣಕ್ಕೆ ವ್ಯಾನ್ ಒಯ್ಯುತ್ತದೆ, ನಕಾಶೆ ಮತ್ತು ದಾರಿಯ ಟಿಪ್ಪಣಿ ನಿಮ್ಮ ಕೈಯಲ್ಲಿರುತ್ತದೆ. ಉಳಿದದ್ದೆಲ್ಲ ನಿಮ್ಮದು. ಕೈಗಡಿಯಾರ ನೋಡುತ್ತಾ 'ಹೊರಡೋಣವೇ' ಎಂದು ಅವಸರಪಡಿಸುವ ವ್ಯಕ್ತಿ ಜೊತೆಯಲ್ಲಿ ಇರುವುದಿಲ್ಲ, ಮತ್ತು ನಮ್ಮವರ ತೊಂದರೆ ಶುರುವಾಗುವುದು ಅಲ್ಲಿಂದಲೇ.

ಬೆಂಗಳೂರಿನಲ್ಲಿ ವರ್ಷದ ಅತಿ ದೀರ್ಘ ಹಗಲಿನಂದೂ ಸೂರ್ಯ ಸಂಜೆ ಆರೂಮುಕ್ಕಾಲರ ಸುಮಾರಿಗೆ ಮುಳುಗುತ್ತಾನೆ. ಆಮೇಲೆ ದೀಪ ಹಚ್ಚುತ್ತೇವೆ, ಎಂಟೂವರೆಗೋ ಒಂಬತ್ತಕ್ಕೋ ತಟ್ಟೆ ಹಾಕುತ್ತೇವೆ. ಕತ್ತಲಾಗಿ ಎರಡು ಗಂಟೆ ಕಳೆದ ಮೇಲೆ ಊಟ ಎಂಬ ಲೆಕ್ಕ ನಮ್ಮ ತಲೆಯಲ್ಲಿರುವುದಕ್ಕಿಂತ ಹೊಟ್ಟೆಯಲ್ಲಿ ಹೆಚ್ಚು ಗಟ್ಟಿಯಾಗಿ ಕೂತಿದೆ. ಆಕ್ಸ್‌ಫರ್ಡ್‌ನ ಸುತ್ತಮುತ್ತ ಜೂನ್ ಕೊನೆಯಲ್ಲಿ ಬೆಳಿಗ್ಗೆ ಐದಕ್ಕೆ ಮೊದಲೇ ಹುಟ್ಟಿದ ಸೂರ್ಯ ರಾತ್ರಿ ಒಂಬತ್ತೂಕಾಲು ದಾಟಿದ ಮೇಲೆ ಮುಳುಗುತ್ತಾನೆ, ಅದಾದ ಮೇಲೂ ಅರ್ಧ ಗಂಟೆ ಪೇಪರ್ ಓದುವಷ್ಟು ಬೆಳಕಿರುತ್ತದೆ. ರಾತ್ರಿ ಎಂಟಕ್ಕೆ ಹೊಲದ ಮೇಲೆ ಬಿದ್ದ ಬೆಳಕು ನಮ್ಮೂರಿನ ನಾಲ್ಕು ಗಂಟೆಯ ಬೆಳಕಿನಂತೆ ಕಾಣುತ್ತದೆ, ದೇಹವೂ ಅದನ್ನು ನಾಲ್ಕು ಗಂಟೆ ಎಂದೇ ನಂಬುತ್ತದೆ. ಇಷ್ಟು ಉದ್ದದ ಹಗಲಿರುವಾಗ ಬೆಳಿಗ್ಗೆ ಅವಸರವೇಕೆ ಎಂದು ಕೇಳುವವರನ್ನು ನಾನು ದೂಷಿಸುವುದಿಲ್ಲ. ಮೊದಲ ವರ್ಷ ನಾನೂ ಹಾಗೆಯೇ ಕೇಳಿದ್ದೆ.

ಆದರೆ ಇಲ್ಲಿಯ ಹಳ್ಳಿಯಲ್ಲಿ ದಿನದ ಕೊನೆಯನ್ನು ನಿರ್ಧರಿಸುವುದು ಅಡುಗೆಯವರು. ನದಿಗುಂಟ ಇರುವ ಊರುಗಳಲ್ಲಿ ಹೆಚ್ಚಿನವಕ್ಕೆ ಪಬ್ ಇರುವುದೇ ಒಂದು, ಅದರ ಅಡುಗೆಮನೆಯಲ್ಲಿ ಇರುವವರು ಒಬ್ಬರೋ ಇಬ್ಬರೋ. ಮಧ್ಯಾಹ್ನ ಹನ್ನೆರಡರಿಂದ ಎರಡು ಅಥವಾ ಎರಡೂವರೆ, ಸಂಜೆ ಆರರಿಂದ ಎಂಟೂವರೆ ಅಥವಾ ಒಂಬತ್ತು, ಇದು ನಾನು ಅತಿ ಹೆಚ್ಚು ಕಂಡಿರುವ ವೇಳಾಪಟ್ಟಿ. ನಡುವೆ ಒಲೆ ಆರಿರುತ್ತದೆ. ಆದ್ದರಿಂದ ಮಧ್ಯಾಹ್ನ ಮೂರೂವರೆಗೆ ಹೋದರೆ ಸಿಗುವುದು ಚಿಪ್ಸ್ ಪೊಟ್ಟಣ ಮಾತ್ರ. ಬಾರ್ ಮಾತ್ರ ರಾತ್ರಿ ಹನ್ನೊಂದರವರೆಗೂ ತೆರೆದಿರಬಹುದು, ಮತ್ತು ನಮ್ಮವರು ಮೋಸಹೋಗುವುದು ನಿಖರವಾಗಿ ಇಲ್ಲಿಯೇ. ಬಾಗಿಲು ತೆರೆದಿದ್ದರೆ ಊಟ ಸಿಗುತ್ತದೆ ಎಂಬುದು ನಮ್ಮ ಹೋಟೆಲುಗಳ ನಿಯಮ. ಇಲ್ಲಿ ಬಾರ್‌ನ ಗಡಿಯಾರ ಬೇರೆ, ಒಲೆಯ ಗಡಿಯಾರ ಬೇರೆ. ಬೋರ್ಡಿನ ಮೇಲೆ ಒಂಬತ್ತು ಎಂದಿದ್ದರೆ ಅದು ಕೊನೆಯ ಆರ್ಡರ್ ತೆಗೆದುಕೊಳ್ಳುವ ಸಮಯ. ಒಂಬತ್ತಕ್ಕೆ ಐದು ನಿಮಿಷವಿರುವಾಗ ಒಳಗೆ ಬಂದು, ಮುಖ ತೊಳೆದು, ಮೆನುವಿನಲ್ಲಿ ಮೊಟ್ಟೆ ಇಲ್ಲದ್ದು ಯಾವುದು, ಮೀನು ಕರಿದ ಎಣ್ಣೆಯಲ್ಲೇ ಆಲೂಗಡ್ಡೆ ಕರಿಯುತ್ತಾರೆಯೇ ಎಂದು ವಿಚಾರಿಸುವಷ್ಟರಲ್ಲಿ ಆ ಸಮಯ ಮೀರಿರುತ್ತದೆ. ಸಸ್ಯಾಹಾರ ಎಲ್ಲ ಕಡೆ ಸಿಗುತ್ತದೆ, ಆ ಪ್ರಶ್ನೆಗಳಿಗೆ ಸಮಾಧಾನದಿಂದ ಉತ್ತರವನ್ನೂ ಕೊಡುತ್ತಾರೆ, ಆದರೆ ಏಳು ಗಂಟೆಗೆ ಕೇಳಿದರೆ. ಪಕ್ಕದ ಬೀದಿಯ ದರ್ಶಿನಿಗೆ ಹೋಗಿ ಬರೋಣ ಎಂಬ ದಾರಿಯಿಲ್ಲ. ಪಕ್ಕದ ಬೀದಿ ಎಂಬುದೇ ಇಲ್ಲ.

ಒಂದು ದಿನದ ಲೆಕ್ಕವನ್ನು ಬಿಡಿಸಿ ತೋರಿಸುತ್ತೇನೆ, ಏಕೆಂದರೆ ಬಾಯಿಮಾತಿನಲ್ಲಿ ಹೇಳಿದರೆ ಎಲ್ಲರೂ ತಲೆಯಾಡಿಸುತ್ತಾರೆ, ಆಮೇಲೆ ಹನ್ನೊಂದೂವರೆಗೆ ಹೊರಡುತ್ತಾರೆ. ಕೆಂಬಲ್ ಹತ್ತಿರದ ಹುಲ್ಲುಗಾವಲಿನಲ್ಲಿರುವ ಉಗಮದಿಂದ ಲಂಡನ್ನಿನ ಪೂರ್ವದಲ್ಲಿರುವ ಥೇಮ್ಸ್ ಬ್ಯಾರಿಯರ್‌ವರೆಗೆ 184 ಮೈಲಿ ಉದ್ದದ ಥೇಮ್ಸ್ ಪಾತ್ 1996ರಲ್ಲಿ ನ್ಯಾಷನಲ್ ಟ್ರೇಲ್, ಅಂದರೆ ರಾಷ್ಟ್ರೀಯ ಕಾಲುದಾರಿಯಾಗಿ ತೆರೆಯಿತು. ಅದರಲ್ಲಿ ಅತ್ಯಂತ ನಿರ್ಜನವಾದ, ನನಗೆ ಅತ್ಯಂತ ಪ್ರಿಯವಾದ ಭಾಗ ಲೆಚ್‌ಲೇಡ್‌ನಿಂದ ನ್ಯೂಬ್ರಿಡ್ಜ್‌ವರೆಗಿನದು. 16 ಮೈಲಿ. ಮೈಲಿ ಎಂಬ ಪದವನ್ನು ದಯವಿಟ್ಟು ಗಮನಿಸಿ. ಟಿಪ್ಪಣಿಯಲ್ಲಿ 16 ಎಂದು ಕಂಡೊಡನೆ ಕಿಲೋಮೀಟರ್ ಎಂದು ಓದಿಕೊಂಡು, ಲಾಲ್‌ಬಾಗಿನಲ್ಲಿ ದಿನಾ ಎಂಟು ನಡೆಯುತ್ತೇವೆ, ಇದು ಅದರ ಎರಡರಷ್ಟು ತಾನೇ ಎಂದವರು ಒಬ್ಬಿಬ್ಬರಲ್ಲ. 16 ಮೈಲಿ ಎಂದರೆ ಸುಮಾರು 26 ಕಿಲೋಮೀಟರ್. ದಾರಿ ಸಮತಟ್ಟಾಗಿದೆ, ನಿಜ. ಆದರೆ ಹುಲ್ಲು ಮೊಣಕಾಲೆತ್ತರ ಬೆಳೆದಿರುತ್ತದೆ, ಹೊಲದಿಂದ ಹೊಲಕ್ಕೆ ಗೇಟುಗಳನ್ನು ತೆರೆದು ಮುಚ್ಚುತ್ತಾ ಹೋಗಬೇಕು, ದನಗಳು ದಾರಿಗಡ್ಡ ಮಲಗಿದ್ದರೆ ಅವಕ್ಕೆ ಜಾಗ ಬಿಟ್ಟು ಸುತ್ತಿಹೋಗಬೇಕು, ನದಿಯೋ ಹಾವಿನಂತೆ ಹೊರಳುತ್ತದೆ. ಅರವತ್ತು ದಾಟಿದವರಿಗೆ ಗಂಟೆಗೆ ನಾಲ್ಕು ಕಿಲೋಮೀಟರಿಗಿಂತ ಹೆಚ್ಚಿನ ಲೆಕ್ಕವನ್ನು ನಾನು ಹಾಕಿಕೊಡುವುದಿಲ್ಲ. ಅಂದರೆ ನಡಿಗೆಗೆ ಆರೂವರೆ ಗಂಟೆ, ಮಧ್ಯಾಹ್ನದ ಊಟಕ್ಕೆ ಒಂದು ಗಂಟೆ, ಕೂರುವುದಕ್ಕೆ ಮತ್ತು ಫೋಟೋಗಳಿಗೆ ಮುಕ್ಕಾಲು ಗಂಟೆ. ಒಂಬತ್ತೂಕಾಲಿಗೆ ಹೊರಟವರು ಸಂಜೆ ಐದೂವರೆಗೆ ತಲುಪುತ್ತಾರೆ, ಸ್ನಾನ ಮಾಡಿ ಆರೂವರೆಗೆ ಮೇಜಿನ ಮುಂದೆ ಕೂರುತ್ತಾರೆ.

ಈಗ ಹನ್ನೊಂದೂವರೆಗೆ ಹೊರಟವರನ್ನು ನೋಡಿ. ತಲುಪುವುದು ಏಳೂಮುಕ್ಕಾಲಿಗೆ ತಾನೇ, ಇನ್ನೂ ಸಮಯವಿದೆ ಎಂದು ಅವರು ವಾದಿಸುತ್ತಾರೆ. ಇಲ್ಲ. ದಾರಿಯಲ್ಲಿ ಊಟ ಸಿಗಬಹುದಾದ ಅನುಕೂಲದ ಜಾಗ ರಾಡ್ಕಟ್, ಹೊರಟಲ್ಲಿಂದ ಸುಮಾರು 11 ಕಿಲೋಮೀಟರ್. ಒಂಬತ್ತೂಕಾಲಿನವರು ಅಲ್ಲಿಗೆ ಹನ್ನೆರಡು ದಾಟುತ್ತಿದ್ದಂತೆ ಮುಟ್ಟುತ್ತಾರೆ. ಹನ್ನೊಂದೂವರೆಯವರು ಎರಡೂಕಾಲಿನ ಹೊತ್ತಿಗೆ, ಒಲೆ ಆರಿಸುವ ಸಮಯಕ್ಕೆ ಸರಿಯಾಗಿ ಮುಟ್ಟುತ್ತಾರೆ. ಮಧ್ಯಾಹ್ನದ ಊಟ ತಪ್ಪಿದವರ ಕಾಲು ನಾಲ್ಕು ಗಂಟೆಯ ನಂತರ ನಿಧಾನವಾಗುತ್ತದೆ, ಕೂರುವುದು ಹೆಚ್ಚಾಗುತ್ತದೆ, ಏಳೂಮುಕ್ಕಾಲು ಎಂಬುದು ಒಂಬತ್ತಾಗುತ್ತದೆ. ತಡವಾಗಿ ಹೊರಟವರು ಕಳೆದುಕೊಳ್ಳುವುದು ಒಂದು ಊಟವನ್ನಲ್ಲ, ಎರಡೂ ಊಟಗಳನ್ನು; ಮೊದಲನೆಯದು ಎರಡನೆಯದನ್ನೂ ಎಳೆದುಕೊಂಡು ಹೋಗುತ್ತದೆ. ಈ ಒಂದು ಮಾತನ್ನು ನಾನು ಎಷ್ಟು ಬಗೆಯಲ್ಲಿ ಬರೆದುಕೊಟ್ಟರೂ ನಾಟುವುದಿಲ್ಲ. ನಾಟಿಸಲು ಸಿಕ್ಕಿರುವ ಸುಲಭ ಉಪಾಯವೆಂದರೆ ಪೆಟ್ಟಿಗೆ. ಲಗೇಜನ್ನು ಬೆಳಿಗ್ಗೆ ಒಂಬತ್ತರೊಳಗೆ ಕೆಳಗೆ ತಂದಿಡಬೇಕೆಂಬ ನಿಯಮವನ್ನು ಎಲ್ಲರೂ ತಪ್ಪದೆ ಪಾಲಿಸುತ್ತಾರೆ. ನಿಮ್ಮ ಪೆಟ್ಟಿಗೆ ಬಾಗಿಲ ಬಳಿ ಬಂದಾಗ ನೀವೂ ಬಾಗಿಲ ಬಳಿ ಇರಿ ಎಂದು ಈಗ ಹೇಳುತ್ತಿದ್ದೇನೆ.

ವಾರದ ದಿನಗಳದ್ದು ಇನ್ನೊಂದು ಕಥೆ. ಭಾನುವಾರ ಮಧ್ಯಾಹ್ನದ ಸಂಡೇ ರೋಸ್ಟ್ ಎಂಬ ಹುರಿದ ಮಾಂಸದ ಊಟ ಇಲ್ಲಿಯವರಿಗೆ ಹಬ್ಬದೂಟವಿದ್ದಂತೆ. ನಾಲ್ಕೋ ಐದೋ ಗಂಟೆಯವರೆಗೆ ಬಡಿಸಿ, ಅನೇಕ ಹಳ್ಳಿಯ ಪಬ್‌ಗಳು ಆ ರಾತ್ರಿ ಒಲೆ ಹಚ್ಚುವುದೇ ಇಲ್ಲ. ಸೋಮವಾರ ಕೆಲವು ಕಡೆ ಅಡುಗೆಯವರಿಗೆ ರಜೆ. ಆದ್ದರಿಂದ ನಾನು ನಡಿಗೆಯನ್ನು ಮಂಗಳವಾರ ಶುರುಮಾಡಿಸಲು ಯತ್ನಿಸುತ್ತೇನೆ: ಮಂಗಳವಾರ ಕ್ರಿಕ್‌ಲೇಡ್, ಬುಧವಾರ ಲೆಚ್‌ಲೇಡ್, ಗುರುವಾರ ನ್ಯೂಬ್ರಿಡ್ಜ್, ಶುಕ್ರವಾರ ಆಕ್ಸ್‌ಫರ್ಡ್, ಹೀಗೆ ಹೋದರೆ ಭಾನುವಾರ ರಾತ್ರಿ ವಾಲಿಂಗ್‌ಫರ್ಡ್‌ನಂಥ ಪೇಟೆಯಲ್ಲಿ ಬೀಳುತ್ತದೆ. ಆದರೆ ಮಂಗಳವಾರ ಪ್ರಯಾಣ ಹೊರಡುವುದೇ ಎಂದು ಮನೆಯ ಹಿರಿಯರು ಹುಬ್ಬೇರಿಸುತ್ತಾರೆ. ನಾನು ಈ ವಿಷಯದಲ್ಲಿ ವಾದ ಮಾಡುವುದಿಲ್ಲ. ಸೋಮವಾರವೇ ಪ್ಯಾಡಿಂಗ್ಟನ್‌ನಲ್ಲಿ ರೈಲು ಹತ್ತಿ ಕೆಂಬಲ್‌ನಲ್ಲಿ ಇಳಿದು, ಹತ್ತಿರದ ಸೈರೆನ್‌ಸೆಸ್ಟರ್ ಪೇಟೆಯಲ್ಲಿ ಉಳಿದರೆ ಪ್ರಯಾಣ ಸೋಮವಾರ ಹೊರಟಂತಾಯಿತಲ್ಲ ಎನ್ನುತ್ತೇನೆ. ಸಾಮಾನ್ಯವಾಗಿ ಒಪ್ಪುತ್ತಾರೆ.

ಶಿವಮೊಗ್ಗದ ಒಂದು ದಂಪತಿ ಒಪ್ಪಲಿಲ್ಲ. ಯಜಮಾನರು ನಿವೃತ್ತ ಎಂಜಿನಿಯರ್, ರೆಡಿಂಗ್‌ನಲ್ಲಿರುವ ಮಗಳ ಮನೆಗೆ ಬಂದಿದ್ದವರು. ಅವರಿಗೆ ಶುಕ್ರವಾರವೇ ಆಗಬೇಕಿತ್ತು. ಹಾಗಾಗಿ ಲೆಚ್‌ಲೇಡ್ ಬಿಡುವ ದಿನ ಭಾನುವಾರವೇ ಆಯಿತು, ಅದೂ ಜೂನ್ ಕೊನೆಯ ವಾರ. ಅಂದಿನ ಅಡುಗೆಮನೆ ಸಂಜೆ ಐದಕ್ಕೆ ಮುಚ್ಚುತ್ತದೆ, ಎಂಟಕ್ಕೇ ಹೊರಡಿ, ಇಲ್ಲವೇ ಬುತ್ತಿ ಕಟ್ಟಿಕೊಳ್ಳಿ ಎಂದು ದಪ್ಪ ಅಕ್ಷರದಲ್ಲಿ ಬರೆದುಕೊಟ್ಟಿದ್ದೆ. ಅವರು ನಿಧಾನವಾಗಿ ಉಪಾಹಾರ ಮುಗಿಸಿ, 1792ರ ಹಾಫ್‌ಪೆನ್ನಿ ಸೇತುವೆಯ ಕಮಾನನ್ನು ಎಂಜಿನಿಯರ್ ಕಣ್ಣಿನಿಂದ ಪರೀಕ್ಷಿಸಿ, ನದಿಯ ಅತಿ ಮೇಲಿನ ಲಾಕ್ (ನೀರಿನ ಮಟ್ಟ ಬದಲಿಸಿ ದೋಣಿಗಳನ್ನು ಏರಿಸುವ, ಇಳಿಸುವ ಗೇಟುಗಳ ತೊಟ್ಟಿ) ಆದ ಸೇಂಟ್ ಜಾನ್ಸ್ ಲಾಕ್‌ಗೆ ಹೋಗಿ, ನದಿಯನ್ನೇ ಮುದುಕನಾಗಿ ಕಲ್ಪಿಸಿದ, ಗುದ್ದಲಿ ಹಿಡಿದು ಒರಗಿರುವ ಮುದುಕ ಥೇಮ್ಸ್‌ನ ವಿಗ್ರಹದ ಪಕ್ಕ ನಿಂತು ಫೋಟೋ ತೆಗೆಸಿಕೊಂಡು, ಒಂದು ದೋಣಿ ಲಾಕ್‌ನೊಳಗೆ ಬಂದು ಇಳಿದು ಹೋಗುವುದನ್ನು ಪೂರ್ತಿ ನೋಡಿದರು. ಆಮೇಲೆ ಇನ್ನೊಂದು ದೋಣಿ ಬಂತು, ಅದನ್ನೂ ನೋಡಿದರು. ಕೆಲ್ಮ್‌ಸ್ಕಾಟ್‌ನಲ್ಲಿ ಕವಿ, ವಿನ್ಯಾಸಕಾರ ವಿಲಿಯಂ ಮಾರಿಸ್ ಸಮಾಧಿಯಿರುವ ಚರ್ಚ್ ಅಂಗಳದಲ್ಲಿ ಒಂದು ಗಂಟೆ. ನದಿದಂಡೆಯ ಹುಲ್ಲಿನಲ್ಲಿ ಅಲ್ಲಲ್ಲಿ ಉಳಿದಿರುವ, 1940ರಲ್ಲಿ ಜರ್ಮನರನ್ನು ತಡೆಯಲೆಂದು ಕಟ್ಟಿದ ಕಾಂಕ್ರೀಟ್ ಕಾವಲುಗೂಡುಗಳ ಗೋಡೆಯ ದಪ್ಪವನ್ನು ಗೇಣು ಹಾಕಿ ಅಳೆದದ್ದಕ್ಕೆ ಎಷ್ಟು ಹೊತ್ತಾಯಿತೋ ಅವರು ಹೇಳಲಿಲ್ಲ.

ಎಂಟು ಗಂಟೆ ಐವತ್ತೈದು ನಿಮಿಷಕ್ಕೆ ಕರೆ ಬಂತು. 'ಇನ್ನೂ ಬೆಳಕು ಹರಿದ ಹಾಗಿದೆ ಮಾರಾಯ್ರೇ, ಊಟ ಇಲ್ಲ ಅಂದ್ರೆ ಹೇಗೆ?' ನಾನು ಪಬ್‌ನವರೊಂದಿಗೆ ಮಾತನಾಡಿದೆ. ಆಕೆ ಒಳ್ಳೆಯವಳು, ಬ್ರೆಡ್ಡು ಮತ್ತು ಚೀಸ್ ಇದೆ, ಕೊಡುತ್ತೇನೆ ಎಂದಳು. ಟ್ಯಾಕ್ಸಿಯನ್ನು ಅಂಥ ಊರಿನಲ್ಲಿ ಹಿಂದಿನ ದಿನವೇ ಹೇಳಿಡಬೇಕು, ಫೋನಿನಲ್ಲಿ ಬೆರಳಾಡಿಸಿದರೆ ಬರುವುದಿಲ್ಲ. ಕೊನೆಗೆ ಅವರನ್ನು ಕಾಪಾಡಿದ್ದು ಯಜಮಾನಿತಿಯ ಚೀಲದ ತಳದಲ್ಲಿದ್ದ ಗೊಜ್ಜವಲಕ್ಕಿಯ ಡಬ್ಬಿ. ಇಂಗ್ಲೆಂಡಿನ ತಂಗುದಾಣದ ಕೋಣೆ ಎಷ್ಟು ಚಿಕ್ಕದಾದರೂ ಅದರಲ್ಲಿ ಒಂದು ಕೆಟಲ್ ಇರುತ್ತದೆ. ಆಕೆ ನೀರು ಬಿಸಿ ಮಾಡಿ, ಎರಡು ಟೀ ಕಪ್ಪುಗಳಲ್ಲಿ ಅವಲಕ್ಕಿ ನೆನೆಸಿ, ಮೇಲೆ ತಟ್ಟೆ ಮುಚ್ಚಿ, ಹತ್ತು ನಿಮಿಷ ಕಾದು, ಟೀ ಚಮಚದಲ್ಲಿ ಇಬ್ಬರೂ ಊಟ ಮಾಡಿದರಂತೆ. ಕಿಟಕಿಯ ಹೊರಗೆ ಆಗ ಸೂರ್ಯ ಮುಳುಗುತ್ತಿತ್ತು ಎಂದು ಮರುದಿನ ಆಕೆ ಹೇಳಿದರು. ಹೇಳುವಾಗ ನಗುತ್ತಿದ್ದರು, ಯಜಮಾನರು ನಗುತ್ತಿರಲಿಲ್ಲ.

ಲಂಡನ್‌ವರೆಗೂ ನಡೆಯುವವರು ಕಡಿಮೆ. ಹಾಗೆ ನಡೆಯುವ ಕನ್ನಡಿಗರೆಲ್ಲ ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್‌ನಲ್ಲಿ, ಪಾರ್ಲಿಮೆಂಟಿನ ಎದುರು ದಂಡೆಯಲ್ಲಿ, 2015ರ ನವೆಂಬರ್ 14ರಂದು ಅನಾವರಣಗೊಂಡ ಬಸವಣ್ಣನವರ ಪ್ರತಿಮೆಯ ಬಳಿ ನಿಲ್ಲುತ್ತಾರೆ. ನಡಿಗೆಯ ದಾರಿಯಿಂದ ಅದು ದೂರವಿಲ್ಲ. ಅಲ್ಲಿಗೆ ನೀವು ಯಾವ ಹೊತ್ತಿಗೆ ಬೇಕಾದರೂ ತಲುಪಬಹುದು, ನಡುರಾತ್ರಿಯಲ್ಲೂ ದೋಸೆ ಸಿಕ್ಕೀತು. ನಾನು ಹೇಳುತ್ತಿರುವ ನಿಯಮ ಮೇಲಿನ ಥೇಮ್ಸ್‌ಗೆ, ಅದರಲ್ಲೂ ಕೆಂಬಲ್‌ನಿಂದ ಆಕ್ಸ್‌ಫರ್ಡ್‌ವರೆಗಿನ ಭಾಗಕ್ಕೆ ಹೆಚ್ಚಾಗಿ ಅನ್ವಯಿಸುತ್ತದೆ. ಆ ನಡುವೆ ನದಿಯ ಪಕ್ಕದಲ್ಲಿ ಒಂದೂ ರೈಲು ನಿಲ್ದಾಣವಿಲ್ಲ. ಲೆಚ್‌ಲೇಡ್‌ಗೆ ಬರುತ್ತಿದ್ದ ಕವಲು ಹಳಿ 1962ರಲ್ಲೇ ಮುಚ್ಚಿತು. ಹಸಿದವರು ಎದ್ದು ಬೇರೆಡೆಗೆ ಹೋಗುವಂತಿಲ್ಲ. ನಾನು ಕೊಟ್ಟ ಗಂಟೆಗಳೂ ಋತುವಿನಿಂದ ಋತುವಿಗೆ, ಮಾಲೀಕರಿಂದ ಮಾಲೀಕರಿಗೆ ಬದಲಾಗುತ್ತವೆ, ಆದ್ದರಿಂದ ಇದನ್ನು ವೇಳಾಪಟ್ಟಿ ಎಂದು ಕತ್ತರಿಸಿ ಇಟ್ಟುಕೊಳ್ಳಬೇಡಿ. ಹಿಂದಿನ ದಿನ ತಂಗುದಾಣಕ್ಕೆ ಫೋನ್ ಮಾಡಿ, ಎಷ್ಟು ಹೊತ್ತಿನವರೆಗೆ ತೆರೆದಿರುತ್ತೀರಿ ಎಂದು ಕೇಳುವ ಬದಲು, ಊಟದ ಕೊನೆಯ ಆರ್ಡರ್ ಎಷ್ಟು ಹೊತ್ತಿಗೆ ಎಂದು ಕೇಳಿ.

ಶಿವಮೊಗ್ಗದವರು ಸೋಮವಾರ ಆಕ್ಸ್‌ಫರ್ಡ್ ಸೇರಿ, ಹೊಟ್ಟೆತುಂಬ ಉಂಡು, ಮಂಗಳವಾರ ಆಬಿಂಗ್ಡನ್‌ನಲ್ಲಿ ಉಳಿದರು. ಬುಧವಾರ ಮತ್ತೆ ಹಳ್ಳಿಯ ವಾಸ. ಅಂದು ಸಂಜೆ ನಾಲ್ಕೂಮುಕ್ಕಾಲಿಗೆ ಅವರ ಕರೆ ಬಂದಾಗ ನನಗೆ ಗಾಬರಿಯಾಯಿತು. ಬೆಳಿಗ್ಗೆ ಎಂಟಕ್ಕೇ ಹೊರಟಿದ್ದರಂತೆ, ತಲುಪಿ ಒಂದು ಗಂಟೆಯಾಯಿತಂತೆ, ಸ್ನಾನವಾಗಿ ಪಬ್‌ನ ಹಿಂದಿನ ತೋಟದಲ್ಲಿ ನದಿಗೆ ಮುಖ ಮಾಡಿ ಕೂತಿದ್ದಾರಂತೆ. ಅಡುಗೆಮನೆ ಆರಕ್ಕೆ ಅಂತೆ, ಅದನ್ನು ಐದೂವರೆಗೆ ತೆರೆಯುವ ಹಾಗೆ ನೀವು ಒಂದು ಮಾತು ಹೇಳಬಹುದೇ ಎಂದು ಯಜಮಾನರು ಕೇಳಿದರು.