ಹಿಡಿಯುವ ಕೈ, ಹತ್ತುವ ಕೈ

ಎರಡು-ಮೂರು ವರ್ಷದ ಮಗು ಒಂದು ಕೈಯನ್ನು ಇಳಿಬಿಟ್ಟುಕೊಂಡು, ಮುಟ್ಟಲು ಹೋದರೆ ಚೀರುತ್ತಾ ಬಂದರೆ ನಾನು ಮೊದಲು ಕೇಳುವುದು ‘ಎಲ್ಲಿ ಬಿತ್ತು?’ ಅಂತಲ್ಲ, ‘ಯಾರಾದರೂ ಕೈ ಹಿಡಿದು ಎಳೆದಿರಾ?’ ಅಂತ. ಬಹಳ ಸಲ ಉತ್ತರ ಹೌದು. ಮಗು ಮೆಟ್ಟಿಲಲ್ಲಿ ಎಡವಿರುತ್ತದೆ, ಇಲ್ಲವೇ ಕಟ್ಟೆಯಿಂದ ಜಿಗಿಯಲು ಹೊರಟಿರುತ್ತದೆ. ಬೀಳದಿರಲಿ ಎಂದು ದೊಡ್ಡವರು ಮುಂಗೈ ಹಿಡಿದು ಸರಕ್ಕನೆ ಮೇಲಕ್ಕೆ ಎಳೆದಿರುತ್ತಾರೆ. ಆ ವಯಸ್ಸಿನಲ್ಲಿ ಮೊಣಕೈಯ ಒಳಗೆ ಎಲುಬಿನ ತಲೆಯನ್ನು ಉಂಗುರದಂತೆ ಸುತ್ತಿ ಹಿಡಿದಿರುವ ಕಟ್ಟು ಇನ್ನೂ ಸಡಿಲವಾಗಿರುತ್ತದೆ. ಎಳೆತಕ್ಕೆ ಅದು ಜಾರಿ ಕೀಲಿನ ನಡುವೆ ಸಿಕ್ಕಿಕೊಳ್ಳುತ್ತದೆ. ಗೊತ್ತಿದ್ದವರಿಗೆ ಸರಿಪಡಿಸುವುದು ಕ್ಷಣದ ಕೆಲಸ: ಮುಂಗೈಯನ್ನು ಒಂದು ಕ್ರಮದಲ್ಲಿ ತಿರುಗಿಸಿದರೆ ಒಳಗೆ ‘ಟಕ್’ ಎಂದದ್ದು ಬೆರಳಿಗೆ ತಿಳಿಯುತ್ತದೆ, ಸ್ವಲ್ಪ ಹೊತ್ತಿನಲ್ಲೇ ಮಗು ಅದೇ ಕೈ ಚಾಚಿ ಆಟಿಕೆ ಕೇಳುತ್ತದೆ. (ಮನೆಯಲ್ಲಿ ಪ್ರಯತ್ನಿಸಬೇಡಿ. ಎಲುಬು ಮುರಿದಾಗಲೂ ಮಗು ಹೀಗೇ ಕೈ ಇಳಿಬಿಟ್ಟುಕೊಳ್ಳಬಹುದು.)

ಇಂಥದ್ದೇ ಇನ್ನೊಂದು ಗಾಯವಿದೆ. ಪುಟ್ಟ ಮಗುವಿಗೆ ಭಯವಾಗಬಾರದೆಂದು ಅದನ್ನು ತೊಡೆಯ ಮೇಲೆ ಕೂರಿಸಿಕೊಂಡು ದೊಡ್ಡವರು ಜಾರುಬಂಡೆಯಲ್ಲಿ ಜಾರುತ್ತಾರೆ. ಮಗುವಿನ ಪಾದ ಪಕ್ಕದ ಅಂಚಿಗೆ ತಾಗಿ ಅಲ್ಲೇ ನಿಲ್ಲುತ್ತದೆ. ದೊಡ್ಡವರ ಭಾರ ಮಾತ್ರ ನಿಲ್ಲುವುದಿಲ್ಲ. ನಡುವೆ ಸಿಕ್ಕ ಮೊಣಕಾಲ ಕೆಳಗಿನ ಎಲುಬು ತಿರುಚಿ ಬಿರುಕು ಬಿಡುತ್ತದೆ. ಮಗು ಒಂದೇ ಜಾರಿದ್ದರೆ ಅದರ ಹಗುರ ಮೈ ಪಾದದ ಜೊತೆಗೇ ನಿಲ್ಲುತ್ತಿತ್ತು, ಹೆಚ್ಚೆಂದರೆ ಚರ್ಮ ತರಚುತ್ತಿತ್ತು.

ಮಕ್ಕಳ ಎಲುಬು-ಕೀಲು ನೋಡುವ ವೈದ್ಯೆ ನಾನು. ಮರದಿಂದ ಬಿದ್ದವರೂ ನನ್ನ ಬಳಿಗೇ ಬರುತ್ತಾರೆ, ಕಾಪಾಡಲು ಹೋದವರ ಕೈಯಲ್ಲಿ ನೋವು ಮಾಡಿಕೊಂಡವರೂ ಬರುತ್ತಾರೆ. ಎರಡನ್ನೂ ನೋಡುತ್ತಾ ನನಗೆ ಮನವರಿಕೆಯಾದದ್ದು ಇಷ್ಟು: ಮಗುವಿಗೆ ಇರುವ ಮೊದಲ ರಕ್ಷಣೆ ಅದರ ಸ್ವಂತ ಅಂದಾಜು. ‘ಇಷ್ಟು ಎತ್ತರ ನನಗೆ ಆಗುತ್ತದೆ, ಅದಕ್ಕಿಂತ ಮೇಲೆ ಬೇಡ’ ಎಂದು ಅದರ ಮೈಗೇ ಗೊತ್ತಾಗಬೇಕು. ಅದು ಹೇಳಿಕೊಟ್ಟರೆ ಬರುವುದಿಲ್ಲ. ಹತ್ತಿ, ಜಾರಿ, ತೂಗಾಡಿ, ಬಡಿದು, ಒಂದಿಷ್ಟು ಪೆಟ್ಟು ತಿಂದೇ ಬರಬೇಕು.

ಅಮೆರಿಕದ ನ್ಯೂಯಾರ್ಕ್ ವಿಶ್ವವಿದ್ಯಾಲಯದ ಮನೋವಿಜ್ಞಾನಿ ಕ್ಯಾರೆನ್ ಅಡಾಲ್ಫ್ ಎಳೆಯ ಮಕ್ಕಳ ಚಲನೆಯನ್ನು ದಶಕಗಳಿಂದ ಅಧ್ಯಯನ ಮಾಡುತ್ತಾ ಬಂದವರು. ಏರಿಳಿಸಬಹುದಾದ ಒಂದು ಇಳಿಜಾರು ಹಲಗೆಯ ತುದಿಯಲ್ಲಿ ಅವರು ಮಕ್ಕಳನ್ನು ಬಿಟ್ಟು ನೋಡಿದರು. ಹೊಸದಾಗಿ ಅಂಬೆಗಾಲಿಡುವ ಮಗು ಕಡಿದಾದ ಇಳಿಜಾರಿಗೂ ಹಿಂದೆಮುಂದೆ ನೋಡದೆ ನುಗ್ಗಿತು. ಹಿಡಿಯಲು ಪಕ್ಕದಲ್ಲಿ ಜನ ಇದ್ದರು ಅನ್ನಿ. ಹಲವು ವಾರ ಅಂಬೆಗಾಲಿಟ್ಟ ಮೇಲೆ ಅದೇ ಮಗು ಅಂಚಿನಲ್ಲಿ ನಿಂತು, ಕೈಯಿಂದ ತಡವಿ, ಆಗುವುದಿಲ್ಲ ಅನ್ನಿಸಿದರೆ ಹಿಂದೆ ಸರಿಯಿತು. ಇಲ್ಲಿಂದ ಮುಂದಿನದು ನನಗೆ ತುಂಬ ಮುಖ್ಯ ಅನ್ನಿಸುತ್ತದೆ. ಆ ಮಗು ಎದ್ದು ನಡೆಯಲು ಶುರುಮಾಡಿದಾಗ ಕಲಿತದ್ದೆಲ್ಲ ಅಳಿಸಿಹೋದಂತೆ ಮತ್ತೆ ಕಡಿದಾದ ಇಳಿಜಾರಿಗೆ ಕಾಲಿಟ್ಟಿತು. ನಡೆಯುವ ಮೈಗೆ ಬೇರೆಯದೇ ಲೆಕ್ಕ ಬೇಕು, ಅದನ್ನು ಹೊಸದಾಗಿ ಕಲಿಯಬೇಕು. 2012ರಲ್ಲಿ ಅಡಾಲ್ಫ್ ತಂಡ ಇನ್ನೊಂದು ಲೆಕ್ಕ ಪ್ರಕಟಿಸಿತು: 12ರಿಂದ 19 ತಿಂಗಳ ಮಕ್ಕಳು ಆಟವಾಡುವಾಗ ಗಂಟೆಗೆ ಸರಾಸರಿ 2,368 ಹೆಜ್ಜೆ ಇಡುತ್ತವೆ, 17 ಸಲ ಬೀಳುತ್ತವೆ. ನಡಿಗೆ ಎಂಬುದು ಇಷ್ಟು ಬೀಳುವಿಕೆಯಿಂದ ಆದದ್ದು. ಆ ವಯಸ್ಸಿನಲ್ಲಿ ‘ಬೀಳುತ್ತದೆ, ನಡೆಯಲು ಬಿಡಬೇಡಿ’ ಎಂದು ಯಾರೂ ಹೇಳುವುದಿಲ್ಲ. ಐದು ವರ್ಷವಾಗುತ್ತಲೇ ಎಲ್ಲರೂ ಹೇಳತೊಡಗುತ್ತಾರೆ. ಆದರೆ ಐದರ ಮೈ ಬೇರೆ, ಎಂಟರ ಮೈ ಬೇರೆ. ಕೈಕಾಲು ಉದ್ದವಾಗುತ್ತವೆ, ತೂಕ ಏರುತ್ತದೆ, ಹಿಡಿತದ ಶಕ್ತಿ ಬದಲಾಗುತ್ತದೆ. ಅಂದಾಜನ್ನು ಪ್ರತಿ ವರ್ಷವೂ ತಿದ್ದಿಕೊಳ್ಳದೆ ಗತಿಯಿಲ್ಲ.

ನಾರ್ವೆಯ ಸಂಶೋಧಕಿ ಎಲೆನ್ ಸ್ಯಾಂಡ್‌ಸೆಟರ್ 2007ರಲ್ಲಿ ಮಕ್ಕಳ ಅಪಾಯದ ಆಟಗಳನ್ನು ಆರು ಬಗೆಯಾಗಿ ವಿಂಗಡಿಸಿದರು: ಎತ್ತರ, ವೇಗ, ಹರಿತವಾದ ಉಪಕರಣ, ಬೆಂಕಿ-ನೀರಿನ ಸಾಮೀಪ್ಯ, ಕುಸ್ತಿಯಂಥ ಜಗ್ಗಾಟ, ಮತ್ತು ದೊಡ್ಡವರ ಕಣ್ಣಿಗೆ ಬೀಳದಂತೆ ಒಬ್ಬರೇ ಅಲೆಯುವುದು. ಈ ಪಟ್ಟಿಯನ್ನು ಓದಿದ ಯಾರಿಗಾದರೂ ತಮ್ಮ ಬಾಲ್ಯ ನೆನಪಾಗುತ್ತದೆ. ಮಕ್ಕಳು ಇವುಗಳ ಹಿಂದೆ ಬೀಳುವುದು ತುಂಟತನದಿಂದಲ್ಲ. ಎದೆ ಢವಢವ ಎನ್ನುವ ಆ ಹದವಾದ ಭಯದಲ್ಲಿ ನಿಂತು, ಅದನ್ನು ತಾನೇ ದಾಟುವ ಅಭ್ಯಾಸ ಅದು. ನ್ಯೂಜಿಲೆಂಡಿನ ಡನೀಡಿನ್ ನಗರದಲ್ಲಿ 1972-73ರಲ್ಲಿ ಹುಟ್ಟಿದ ಸುಮಾರು ಸಾವಿರ ಮಕ್ಕಳನ್ನು ದೊಡ್ಡವರಾಗುವವರೆಗೂ ಹಿಂಬಾಲಿಸಿದ ಅಧ್ಯಯನವೊಂದಿದೆ. ಅದರಲ್ಲಿ 5ರಿಂದ 9 ವರ್ಷದ ನಡುವೆ ಬಿದ್ದು ಗಾಯ ಮಾಡಿಕೊಂಡವರು, 18ರಲ್ಲಿ ಎತ್ತರಕ್ಕೆ ಹೆದರದವರ ಗುಂಪಿನಲ್ಲೇ ಹೆಚ್ಚಾಗಿ ಕಂಡರು. ಬಿದ್ದರೆ ಭಯ ಹೋಗುತ್ತದೆ ಎಂದು ಇದರ ಅರ್ಥವಲ್ಲ. ಮೊದಲೇ ಧೈರ್ಯವಿದ್ದ ಮಕ್ಕಳು ಹೆಚ್ಚು ಹತ್ತಿ ಹೆಚ್ಚು ಬಿದ್ದಿರಬಹುದು. ಆದರೆ ‘ಒಮ್ಮೆ ಬಿದ್ದರೆ ಜನ್ಮಪೂರ್ತಿ ಹೆದರುತ್ತಾನೆ’ ಎಂಬ ನಮ್ಮ ನಂಬಿಕೆಗೆ ಅಲ್ಲಿ ಆಧಾರ ಸಿಗಲಿಲ್ಲ.

ಹಾಗಾದರೆ ದೊಡ್ಡವರಿಗೆ ಕೆಲಸವೇ ಇಲ್ಲವೇ? ಇದೆ, ದಂಡಿಯಾಗಿದೆ. ಮಗುವಿನ ಕಣ್ಣಿಗೆ ಕಾಣುವ ಅಪಾಯವನ್ನು ಮಗುವಿಗೆ ಬಿಡಬೇಕು, ಕಾಣದ್ದನ್ನು ನಾವು ತೆಗೆಯಬೇಕು. ಕೊಂಬೆ ಎಷ್ಟು ಎತ್ತರದಲ್ಲಿದೆ ಎಂದು ಏಳು ವರ್ಷದ ಮಗುವಿಗೆ ಚೆನ್ನಾಗಿ ಕಾಣುತ್ತದೆ. ಅದು ಒಳಗಿನಿಂದ ಒಣಗಿದೆ ಎಂದು ಕಾಣುವುದಿಲ್ಲ. ಮರದ ಸುತ್ತ ಒಂದು ಸುತ್ತು ಹಾಕಿ, ಎಲೆಯಿಲ್ಲದ, ತೊಗಟೆ ಸುಲಿದ ಕೊಂಬೆಗಳನ್ನು ತೋರಿಸಿಕೊಡುವುದು ನಮ್ಮ ಕೆಲಸ.

ಕೆಳಗಿನ ನೆಲದ ವಿಷಯದಲ್ಲಿ ನಾನು ರಾಜಿಯಾಗುವುದಿಲ್ಲ. ಐದರಿಂದ ಏಳು ವರ್ಷದ ಮಕ್ಕಳು ಎತ್ತರದಿಂದ ಬೀಳುವಾಗ ಕೈಚಾಚಿದರೆ ಮೊಣಕೈಗಿಂತ ತುಸು ಮೇಲೆ ಎಲುಬು ಮುರಿಯುವುದುಂಟು. ಅದು ಹಗುರವಾಗಿ ತೆಗೆದುಕೊಳ್ಳುವ ಮುರಿತವಲ್ಲ. ಪಕ್ಕದಲ್ಲೇ ಹಾಯುವ ರಕ್ತನಾಳ, ನರಗಳಿಗೆ ಪೆಟ್ಟಾಗಬಹುದು, ಶಸ್ತ್ರಚಿಕಿತ್ಸೆಯೂ ಬೇಕಾಗಬಹುದು. ಗಟ್ಟಿ ನೆಲ ಇಂಥ ಗಾಯವನ್ನು ಇನ್ನಷ್ಟು ಕೆಡಿಸುತ್ತದೆ. ಕಾಂಕ್ರೀಟು ಬೇಡವೇ ಬೇಡ. ತುಳಿದು ಗಟ್ಟಿಯಾದ ಮಣ್ಣು, ತೆಳು ಹುಲ್ಲುಹಾಸು ಕೂಡ ನಾವಂದುಕೊಂಡಷ್ಟು ಮೆತ್ತಗಿಲ್ಲ. ಆಟದ ಉಪಕರಣದ ಕೆಳಗೆ ಸಡಿಲ ಮರಳೋ ಮರದ ಚಕ್ಕೆಯೋ ಸುಮಾರು 30 ಸೆಂ.ಮೀ. ಆಳ ಇರಬೇಕು, ಅದು ಪಕ್ಕಕ್ಕೆ ಸರಿಯುತ್ತಾ ಹೋಗುವುದರಿಂದ ಆಗಾಗ ಎಳೆದು ಹರಡಬೇಕು. ಯುರೋಪಿನ ಆಟದ ಉಪಕರಣಗಳ ಮಾನದಂಡವು ಮಗು ಬೀಳಬಹುದಾದ ಎತ್ತರಕ್ಕೆ 3 ಮೀಟರಿನ ಮಿತಿ ಹಾಕಿದೆ. ಸಂಪೂರ್ಣ ಸುರಕ್ಷಿತ ಎಂದು ಮಾಡಹೊರಟಿದ್ದರೆ ಅಷ್ಟು ಎತ್ತರವನ್ನು ಬಿಡುತ್ತಲೇ ಇರಲಿಲ್ಲ. ಎತ್ತರ ಇರಲಿ, ನೆಲ ಮೆತ್ತಗಿರಲಿ ಎಂಬ ಆ ಯೋಚನೆ ನನಗೆ ಸರಿ ಅನ್ನಿಸುತ್ತದೆ.

ಮಗುವಿಗೆ ಕಾಣದ್ದು ಇನ್ನೂ ಇವೆ. 9ರಿಂದ 23 ಸೆಂ.ಮೀ.ವರೆಗಿನ ಸಂದಿಯಲ್ಲಿ ಪುಟ್ಟ ಮಗುವಿನ ಮೈ ತೂರಿ, ತಲೆ ಸಿಕ್ಕಿಕೊಳ್ಳಬಹುದು. ಸೈಕಲ್ ಓಡಿಸಲು ಹಾಕಿದ ಹೆಲ್ಮೆಟ್ಟನ್ನು ಮರವನ್ನೋ ಆಟದ ಉಪಕರಣವನ್ನೋ ಹತ್ತುವ ಮೊದಲು ತೆಗೆಸಲೇಬೇಕು. ಹೆಲ್ಮೆಟ್ಟು ಸಂದಿಗೆ ಸಿಕ್ಕಿ ಪಟ್ಟಿ ಕುತ್ತಿಗೆ ಬಿಗಿದ ಸಾವುಗಳು ಆಗಿವೆ. ಕೊರಳ ಸುತ್ತಿನ ದಾರ, ಶಾಲು ಕೂಡ ಹಾಗೇ. ಟ್ರ್ಯಾಂಪೊಲಿನ್ (ಸ್ಪ್ರಿಂಗಿಗೆ ಬಿಗಿದ, ಮೇಲೆ ಹಾರಿ ಕುಣಿಯುವ ಹಾಸು) ಮೇಲೆ ಒಬ್ಬರಿಗಿಂತ ಹೆಚ್ಚು ಜನ ಕುಣಿಯಬಾರದು. ಅಲ್ಲಾಗುವ ಗಾಯಗಳಲ್ಲಿ ಸುಮಾರು ಮುಕ್ಕಾಲು ಪಾಲು ಹಲವರು ಒಟ್ಟಿಗೆ ಹಾರುವಾಗ ಆಗುವಂಥವು, ಪೆಟ್ಟು ಬೀಳುವುದು ಹೆಚ್ಚಾಗಿ ಎಲ್ಲರಿಗಿಂತ ಚಿಕ್ಕದಕ್ಕೆ. ನೀರಿನ ವಿಚಾರದಲ್ಲಂತೂ ಪುಟ್ಟ ಮಕ್ಕಳನ್ನು ಕೈಯಳತೆಯಿಂದ ಆಚೆ ಬಿಡಬಾರದು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2022ರಲ್ಲಿ ಜಗತ್ತಿನಲ್ಲಿ 3 ಲಕ್ಷ ಜನ ಮುಳುಗಿ ಸತ್ತರು, ಅವರಲ್ಲಿ ಸುಮಾರು ಕಾಲು ಭಾಗ 5 ವರ್ಷದೊಳಗಿನವರು. ಮುಳುಗುವ ಮಗು ಕೂಗುವುದಿಲ್ಲ. ಓಡುವ ವಾಹನದ ವೇಗವನ್ನು ಅಂದಾಜು ಮಾಡುವುದೂ ಚಿಕ್ಕ ಮಕ್ಕಳಿಂದ ಆಗದ ಮಾತು. ಹಾಗಾಗಿ ನೀರು, ರಸ್ತೆ ಎರಡರಲ್ಲೂ ಅಪ್ಪ-ಅಮ್ಮ ಕಟ್ಟುನಿಟ್ಟಾಗಿರಲಿ. ಮಿಕ್ಕ ಕಡೆ ಸಡಿಲ ಬಿಡಲು ಧೈರ್ಯ ಬರುವುದೂ ಆಗಲೇ.

ಮರ ಹತ್ತುವ ಮಗುವನ್ನು ಎತ್ತಿ ಕೊಂಬೆಯ ಮೇಲೆ ಕೂರಿಸಬೇಡಿ. ನಾನು ಪದೇ ಪದೇ ಹೇಳುವ ಮಾತು ಇದು. ತನ್ನ ಬಲದಲ್ಲೇ ಏರಿದ ಮಗು ಬಂದ ದಾರಿಯನ್ನು ಮೈಯಲ್ಲಿ ಇಟ್ಟುಕೊಂಡಿರುತ್ತದೆ. ಎತ್ತಿ ಕೂರಿಸಿದ ಮಗುವಿಗೆ ಆ ದಾರಿಯೇ ಗೊತ್ತಿರುವುದಿಲ್ಲ. ಇಳಿಯುವುದು ಏರುವುದಕ್ಕಿಂತ ಕಷ್ಟ, ಯಾಕೆಂದರೆ ಕಾಲಿಡುವ ಜಾಗ ಕಣ್ಣಿಗೆ ಕಾಣದು, ಕಾಲ್ಬೆರಳೇ ಹುಡುಕಬೇಕು. ಆ ಹೊತ್ತಿನಲ್ಲಿ ಕೆಳಗಿನಿಂದ ‘ಹುಷಾರು! ಬೀಳ್ತೀಯ!’ ಎಂದು ಕೂಗಿದರೆ ಮಗು ಕಾಲಿನ ಮೇಲಿದ್ದ ಗಮನವನ್ನು ನಿಮ್ಮ ಕಡೆ ತಿರುಗಿಸುತ್ತದೆ. ಏನು ಮಾಡಬೇಕೆಂದು ಆ ಕೂಗು ಹೇಳುವುದೂ ಇಲ್ಲ. ‘ಎಡಗಾಲು ಎಲ್ಲಿ ಇಡ್ತೀಯ?’, ‘ಭಾರ ಬಿಡೋ ಮುಂಚೆ ಆ ಕೊಂಬೆ ಅಲುಗಾಡಿಸಿ ನೋಡು’, ‘ಒಂದು ಕೈ ಬಿಡುವಾಗ ಮಿಕ್ಕ ಮೂರೂ ಗಟ್ಟಿಯಾಗಿರಲಿ’: ಇಂಥ ಮಾತು ಕೆಲಸಕ್ಕೆ ಬರುತ್ತದೆ. ಹೇಳಲು ಏನೂ ಹೊಳೆಯದಿದ್ದರೆ ಸುಮ್ಮನಿರುವುದೇ ವಾಸಿ.

ಸುತ್ತಿಗೆ, ಚಾಕುವಿನಂಥ ಉಪಕರಣಗಳ ಬಗ್ಗೆ ತಂದೆತಾಯಂದಿರಿಗೆ ಇನ್ನೂ ಹೆಚ್ಚು ಅಂಜಿಕೆ. ಆರೇಳು ವರ್ಷದ ಮಗುವಿಗೆ ಸುತ್ತಿಗೆ ಕೊಟ್ಟು ನೋಡಿ, ಆಟಿಕೆಯದ್ದಲ್ಲ, ನಿಜವಾದ ಚಿಕ್ಕ ಸುತ್ತಿಗೆ. ಆಟಿಕೆಗೆ ತೂಕವಿಲ್ಲ, ಮೊಳೆ ಇಳಿಯುವುದಿಲ್ಲ, ಸಿಟ್ಟಿನಲ್ಲಿ ಮಗು ಬೀಸಿ ಹೊಡೆಯುತ್ತದೆ. ಪೆಟ್ಟಾಗುವುದೇ ಆಗ. ಮೆದು ಮರದ ತುಂಡು, ದಪ್ಪ ತಲೆಯ ಮೊಳೆ, ಕಣ್ಣಿಗೆ ಕನ್ನಡಕ. ಮೊಳೆಯನ್ನು ದಪ್ಪ ರಟ್ಟಿನ ಪಟ್ಟಿಯೊಂದಕ್ಕೆ ಚುಚ್ಚಿ, ಮಗು ಪಟ್ಟಿಯ ತುದಿಯನ್ನು ಹಿಡಿಯಲಿ; ಬೆರಳು ದೂರ ಇರುತ್ತದೆ. ಮೊದಮೊದಲು ಮಗು ಹಿಡಿಯನ್ನು ಸುತ್ತಿಗೆಯ ತಲೆಯ ಹತ್ತಿರವೇ ಹಿಡಿದು ಮೊಟಕುತ್ತದೆ. ತಿದ್ದಬೇಡಿ. ಮೊಳೆ ನಿಂತ ಮೇಲೆ ಪಟ್ಟಿ ಕಿತ್ತು, ಮತ್ತೆ ಹೊಡೆಯುತ್ತದೆ. ಓರೆ ಬಿದ್ದ ಪೆಟ್ಟಿಗೆ ಮೊಳೆ ಬಾಗುತ್ತದೆ. ಬಾಗಿದ ಮೊಳೆಯನ್ನು ಮಗು ದಿಟ್ಟಿಸುತ್ತದೆ, ಮುಂದಿನ ಮೊಳೆಗೆ ಮಣಿಕಟ್ಟಿನ ಕೋನ ತಾನಾಗಿ ಬದಲಾಗುತ್ತದೆ. ದಿನ ಕಳೆದಂತೆ ಹಿಡಿತ ಹಿಡಿಯ ತುದಿಗೆ ಸರಿಯುತ್ತದೆ, ಹೊಡೆತ ಭುಜದಿಂದ ಬರತೊಡಗುತ್ತದೆ. ಪಕ್ಕದಲ್ಲಿ ಕೂತ ದೊಡ್ಡವರಿಗೆ ನಾನು ಹೇಳುವುದು ಒಂದೇ: ನಿಮ್ಮ ಕೈ ನಿಮ್ಮ ಮಡಿಲಲ್ಲೇ ಇರಲಿ. ಚಾಕು ಕೊಡುವಾಗಲೂ ಮೊಂಡಾದದ್ದನ್ನು ಆರಿಸಬೇಡಿ. ಮೊಂಡು ಚಾಕುವಿಗೆ ಹೆಚ್ಚು ಬಲ ಹಾಕಬೇಕು, ಬಲ ಹಾಕಿದಾಗ ಅದು ಜಾರುತ್ತದೆ.

1943ರಲ್ಲಿ ಡೆನ್ಮಾರ್ಕಿನ ಕೋಪನ್‌ಹೇಗನ್ ಹೊರವಲಯದ ಎಂಡ್ರಪ್‌ನಲ್ಲಿ, ಜರ್ಮನ್ನರು ದೇಶವನ್ನು ಆಕ್ರಮಿಸಿಕೊಂಡಿದ್ದ ಕಾಲದಲ್ಲೇ, ಭೂದೃಶ್ಯ ವಾಸ್ತುಶಿಲ್ಪಿ ಕಾರ್ಲ್ ಥಿಯೋಡರ್ ಸೋರೆನ್ಸನ್ ಅವರ ಕಲ್ಪನೆಯಂತೆ ಹಳೆ ಹಲಗೆ, ಇಟ್ಟಿಗೆ, ಉಪಕರಣಗಳ ಆಟದ ಬಯಲೊಂದು ತೆರೆಯಿತು. ತಾವು ರೂಪಿಸಿದ ಅಚ್ಚುಕಟ್ಟಾದ ಆಟದ ಮೈದಾನಗಳಿಗಿಂತ ಕಟ್ಟಡ ಕಟ್ಟುವ ಜಾಗಗಳಲ್ಲಿ ಮಕ್ಕಳು ತನ್ಮಯರಾಗಿ ಆಡುವುದನ್ನು ಅವರು ಗಮನಿಸಿದ್ದರು. ಎಂಬತ್ತು ವರ್ಷಗಳ ಬಳಿಕ, 2024ರಲ್ಲಿ, ಕೆನಡಾದ ಮಕ್ಕಳ ವೈದ್ಯರ ಸಂಘ ಅಪಾಯದ ಹೊರಾಂಗಣ ಆಟವನ್ನು ಪ್ರೋತ್ಸಾಹಿಸುವಂತೆ ತನ್ನ ವೈದ್ಯರಿಗೇ ಹೇಳಿತು. ವೈದ್ಯರ ಸಂಘವೊಂದು ಹೀಗೆ ಬಾಯಿಬಿಟ್ಟು ಹೇಳಿದ್ದು ನನಗೆ ದೊಡ್ಡ ಸಮಾಧಾನ.

ಎಲ್ಲ ಮಕ್ಕಳಿಗೂ ಒಂದೇ ಅಳತೆ ಸಲ್ಲದು. ಅಂಜುವ ಮಗುವನ್ನು ‘ಹತ್ತು, ಹತ್ತು’ ಎಂದು ನೂಕುವುದು, ಹತ್ತುವ ಮಗುವನ್ನು ಎಳೆಯುವುದಕ್ಕಿಂತ ಒಳ್ಳೆಯದೇನಲ್ಲ. ಕೆಳಗಿನ ಕೊಂಬೆಯಲ್ಲಿ ಅದು ಒಂದು ತಿಂಗಳು ಕೂತರೆ ಕೂರಲಿ. ಎಲುಬು ಸುಲಭವಾಗಿ ಮುರಿಯುವ ಅಥವಾ ರಕ್ತ ಹೆಪ್ಪುಗಟ್ಟದ ಕಾಯಿಲೆಯಿದ್ದರೆ ಏನು ಆಡಬಹುದೆಂದು ಅವರ ವೈದ್ಯರೊಡನೆ ಕೂತು ಗೊತ್ತುಮಾಡಿಕೊಳ್ಳಬೇಕು. ನನ್ನನ್ನು ಹೆಚ್ಚು ಕಾಡುವುದು ಸೆರೆಬ್ರಲ್ ಪಾಲ್ಸಿಯಂಥ (ಮಿದುಳಿನ ಹಾನಿಯಿಂದ ಮೈಯ ಚಲನೆ ಕುಂದುವ) ತೊಂದರೆಯಿರುವ ಮಕ್ಕಳ ಸ್ಥಿತಿ. ಹೊತ್ತು ತಿರುಗುವ ಕೈಗಳ ನಡುವೆ ಅವರಿಗೆ ಬೀಳುವ ಅವಕಾಶವೇ ಸಿಗುವುದಿಲ್ಲ. ಹುಲ್ಲಿನ ದಿಬ್ಬವೊಂದನ್ನು ತೆವಳಿ ಹತ್ತಿ ಉರುಳಿ ಬರಲು ಬಿಟ್ಟರೆ ಆ ಮಕ್ಕಳ ಮುಖ ನೋಡಬೇಕು.

‘ಇನ್ಮೇಲೆ ಮರ ಹತ್ತಬೇಡ ಅಂತ ನೀವೇ ಹೇಳಿ ಡಾಕ್ಟ್ರೇ, ನಿಮ್ಮ ಮಾತಾದ್ರೂ ಕೇಳ್ತಾನೆ’ ಎಂದು ಪ್ಲಾಸ್ಟರ್ ಹಾಕುವಾಗ ಬಹಳ ತಾಯಂದಿರು ಕೇಳುತ್ತಾರೆ. ಅವರ ಕಳವಳ ನನಗೆ ಅರ್ಥವಾಗುತ್ತದೆ. ಎಕ್ಸ್‌ರೇಯಲ್ಲಿ ಮಗುವಿನ ಎಲುಬು ನೋಡಿ ಯಾರ ಕರುಳೂ ಚುರ್ ಎನ್ನುತ್ತದೆ. ಆದರೂ ನಾನು ಹಾಗೆ ಹೇಳುವುದಿಲ್ಲ. ಮಣಿಕಟ್ಟಿನ ಹತ್ತಿರ ಎಲುಬು ಸುಕ್ಕುಗಟ್ಟಿದಂತೆ ಬಾಗುವ ಮುರಿತವೇ ಮಕ್ಕಳಲ್ಲಿ ಸಾಮಾನ್ಯ, ಅದು ಮೂರು-ನಾಲ್ಕು ವಾರದಲ್ಲಿ ಕೂಡಿಕೊಳ್ಳುತ್ತದೆ. ಬೆರಳು ತಣ್ಣಗಾದರೆ, ಬಿಳಚಿಕೊಂಡರೆ, ಜೋಮು ಹಿಡಿದರೆ, ಕೈಯ ಆಕಾರ ಕೆಟ್ಟಿದ್ದರೆ ತಡಮಾಡದೆ ಬನ್ನಿ. ತಲೆಗೆ ಪೆಟ್ಟಾಗಿ ಮತ್ತೆಮತ್ತೆ ವಾಂತಿ, ಅತಿಯಾದ ಮಂಪರು ಕಂಡರೂ ಹಾಗೇ. ಪ್ಲಾಸ್ಟರ್ ತೆಗೆದ ಮೇಲೆ ಕೀಲು ಕೆಲವು ದಿನ ಬಿಗಿಯಾಗಿರುತ್ತದೆ, ತಾನೇ ಸಡಿಲಗೊಳ್ಳುತ್ತದೆ. ಬಲವಂತವಾಗಿ ತಿಕ್ಕಿ ಎಳೆಯಬೇಡಿ. ಇನ್ನೂ ಕೆಲವು ವಾರ ಎತ್ತರ, ಜಗ್ಗಾಟ ಬೇಡ, ಎಷ್ಟು ವಾರ ಎನ್ನುವುದನ್ನು ಮುರಿತ ನೋಡಿ ನಿಮ್ಮ ವೈದ್ಯರು ಹೇಳುತ್ತಾರೆ. ಆಮೇಲೆ ಅದೇ ಮರಕ್ಕೆ ಕರೆದುಕೊಂಡು ಹೋಗಿ, ಯಾವ ಕೊಂಬೆಯಿಂದ ಶುರುಮಾಡಬೇಕೆಂದು ಅವನನ್ನೇ ಕೇಳಿ.